ಹೆಸರು ಹಿಡಿದು ಕೂಗಬಾರದ ಹೊಲ

ವಿಜಯವಾಡ

ನಮ್ಮವ್ವನಿಗೆ ಗದಗ ದಾಟಿದರೆ ಎಲ್ಲವೂ ಪರದೇಶ. ಬ್ಯಾಂಕಿನವರು ನನ್ನನ್ನು ಆಂಧ್ರಕ್ಕೆ ವರ್ಗ ಮಾಡಿದಾಗ ಆಕೆ ಎರಡು ಡಬ್ಬಿ ಗುರೆಳ್ಳು ಚಟ್ನಿಪುಡಿ ಕುಟ್ಟಿಕೊಟ್ಟು, "ಆ ಸೀಮ್ಯಾಗ ಏನ್ ತಿಂತಾರೋ, ಏನ್ ಆಡ್ತಾರೋ. ನೀ ಒಬ್ಬಾಕಿ ಇರಾಕಿ, ಹುಷಾರಿಂದ ಇರವಾ" ಅಂದಿದ್ದಳು. ಎಂಬತ್ತರ ದಶಕದ ಕೊನೆಯ ವರ್ಷಗಳು. ಮೊದಲ ಒಂದು ವರ್ಷ ವಿಶಾಖಪಟ್ಟಣದ ಶಾಖೆಯಲ್ಲಿದ್ದೆ, ಆಮೇಲೆ ವಿಜಯವಾಡಕ್ಕೆ ಬಂದೆ. ಪಟಮಟದಲ್ಲಿ ಮಹಡಿಯ ಮೇಲೊಂದು ಮನೆ, ಕೆಳಗೆ ಮಾಲೀಕರು. ಅವರು ದಿನಾ ಬೆಳಿಗ್ಗೆ ನಾನು ಮೆಟ್ಟಿಲಿಳಿಯುವುದನ್ನೇ ಕಾದಿದ್ದು "ಟಿಫಿನ್ ಅಯ್ಯಿಂದಾ" ಎಂದು ಕೇಳುತ್ತಿದ್ದರು. ಆಗಿಲ್ಲ ಎಂದರೆ ಅವರಿಗೆ ಕಷ್ಟ, ಆಗಿದೆ ಎಂದರೆ ಏನು ತಿಂದೆ ಎಂದು ಹೇಳಬೇಕು. ನಾಲ್ಕು ತಿಂಗಳಲ್ಲಿ ನನ್ನ ನಾಲಿಗೆಗೂ ಆ ಊರಿನ ಮರ್ಯಾದೆ ಅಂಟಿತು. ಟ್ರಂಕ್ ಕಾಲಿನಲ್ಲಿ ಅವ್ವನಿಗೆ "ಹೌದಂಡಿ" ಎಂದುಬಿಟ್ಟೆ. ಆ ಕಡೆಯಿಂದ ಆಕೆ, "ಯಾರ ಮಾತಾಡೂದು?" ಅಂದಳು.

ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡು ಮಲಗುವ ಊರದು. ಅಂಥ ಒಂದು ದಿನ ವಿಶಾಖಪಟ್ಟಣದ ಗೆಳತಿ ವನಜಾಳ ಇನ್‌ಲ್ಯಾಂಡ್ ಪತ್ರ ಬಂತು. "ಇವರು ಹಡಗು ಹತ್ತಿದ್ದಾರೆ ಅಕ್ಕ, ಬರೋದು ಸಂಕ್ರಾಂತಿಗೆ. ಅರಕು ಕಡೆ ಹೂವು ಬಿಟ್ಟಿದೆಯಂತೆ. ಅವರು ಹಡಗು ಹತ್ತಿದರೆ ನಾವು ಬೆಟ್ಟ ಹತ್ತೋಣ, ಬನ್ನಿ."

ನಾನು ರಜೆ ಬರೆದುಕೊಟ್ಟೆ.

ವಿಶಾಖಪಟ್ಟಣ

ವನಜಾ ಮದ್ದೂರಿನ ಹತ್ತಿರದ ಹಳ್ಳಿಯವಳು. ಗಂಡ ಮಹದೇವ ನೌಕಾಪಡೆಯಲ್ಲಿದ್ದ. ವಿಶಾಖಪಟ್ಟಣದಲ್ಲಿ ನಾವು ಒಂದೇ ಕಾಂಪೌಂಡಿನಲ್ಲಿ ಒಂದು ವರ್ಷ ಇದ್ದೆವು. ಗಂಡ ಸಮುದ್ರದ ಮೇಲಿದ್ದಾಗಲೆಲ್ಲ ಅವಳು ಸಂಜೆ ನನ್ನ ಕಟ್ಟೆಗೆ ಬಂದು ಕೂತು, ಅತ್ತೆ, ನಾದಿನಿ, ಊರ ಜಗಳ, ಹಸು ಕರು ಹಾಕಿದ್ದು, ಒಂದನ್ನೂ ಬಿಡದೆ ಹೇಳುತ್ತಿದ್ದಳು. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡಿದ್ದೆ.

ಅವಳ ಮಗಳು ಸಿಂಧುವಿಗೆ ಆಗ ಆರು ವರ್ಷ. ಹುಟ್ಟಿದ್ದು ಮಂಡ್ಯದಲ್ಲಾದರೂ ಕೈಗೂಸಾಗಿದ್ದಾಗಲೇ ಇಲ್ಲಿಗೆ ಬಂದವಳು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಾತ್ರ ತೆಲುಗು. ನನ್ನನ್ನು ದೊಡ್ಡಮ್ಮ ಅನ್ನು ಎಂದು ಹೇಳಿಕೊಟ್ಟರೆ "ಪೆದ್ದಮ್ಮಾ" ಎನ್ನುತ್ತಿದ್ದಳು. ನಾನು ವನಜಾಳಿಗೆ ಎಷ್ಟೋ ಸಲ ಹೇಳಿದ್ದೆ, "ಮನ್ಯಾಗರ ಕನ್ನಡ ಮಾತಾಡಸು. ನಾಳೆ ಊರಿಗೆ ಹೋದ್ರ ಅಜ್ಜಿ ಕೂಡ ಏನ್ ಮಾತಾಡ್ತದ ಕೂಸು?" ವನಜಾ ನಕ್ಕು, "ಏನೋ ಒಂದು ಮಾತಾಡ್ಲಿ ಬಿಡಿ ಅಕ್ಕ" ಎಂದು ಬೇರೆ ಮಾತಿಗೆ ಹೋಗುತ್ತಿದ್ದಳು.

ಮಹದೇವ ಹಿಂದಿನ ವರ್ಷ ಜೊತೆಯವರೊಂದಿಗೆ ಆ ಬೆಟ್ಟದಲ್ಲಿ ನಡೆದು ಬಂದಿದ್ದ. ಈ ಸಲ ಹಡಗು ಹತ್ತುವ ಮುಂಚೆ ಕ್ಯಾಲೆಂಡರಿನ ಹಾಳೆಯ ಹಿಂದೆ ನಕ್ಷೆ ಬರೆದಿಟ್ಟಿದ್ದ. ಸ್ಟೇಷನ್ನು, ಹಳ್ಳ, ಹಳ್ಳವನ್ನು ಮೂರು ಸಲ ದಾಟುವ ಕಡೆ ಮೂರು ಗೆರೆ. ಕೊನೆಗೆ ಒಂದು ದೊಡ್ಡ ಸುತ್ತು ಹಾಕಿ, ಒಳಗೆ "ಹೂವಿನ ಹೊಲ. ಕೂಗಬೇಡಿ" ಎಂದು ಬರೆದಿದ್ದ.

"ಯಾಕ ಕೂಗಬಾರ್ದು?" ಎಂದೆ.

"ಜೇನಿರಬೇಕು ಅಕ್ಕ. ಗಲಾಟೆ ಮಾಡಿದ್ರೆ ಏಳ್ತವಲ್ಲ."

ಅದು ಸರಿಯೆನಿಸಿತು.

ಬೆಟ್ಟದ ರೈಲು

ಬೆಳಗಿನ ಪ್ಯಾಸೆಂಜರ್ ರೈಲು ಕಡಲ ಮಟ್ಟದಿಂದ ಹೊರಟು ಬೆಟ್ಟ ಏರುತ್ತಾ ಹೋಗುತ್ತದೆ. ದಾರಿಯುದ್ದಕ್ಕೂ ಸುರಂಗಗಳು. ಸಿಂಧು ಬೆರಳು ಮಡಿಸುತ್ತಾ "ಒಕಟಿ, ರೆಂಡು" ಎಂದು ಎಣಿಸತೊಡಗಿ ಬೆರಳು ಮುಗಿದ ಮೇಲೆ ನನ್ನ ಬೆರಳುಗಳನ್ನು ಕೇಳಿ ತೆಗೆದುಕೊಂಡಳು. ಎದುರಿಗೆ ಕೂತಿದ್ದ ಹೆಂಗಸು ಸುರಂಗ ಬಂದಾಗಲೆಲ್ಲ ಕಣ್ಣು ಮುಚ್ಚಿ, ಗುರುತು ಪರಿಚಯವಿಲ್ಲದ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಬೆಳಕು ಬಂದ ಕೂಡಲೇ ಕೈ ತೆಗೆದು ಏನೂ ಆಗದವಳಂತೆ ಹುಣಸೆ ಬೀಜ ಅಗಿಯುತ್ತಿದ್ದಳು. ಇಳಿಯುವಾಗಲೂ ನನ್ನ ಮುಖ ನೋಡಲಿಲ್ಲ.

ನಮ್ಮ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮು ಎನ್ನುವಂಥದ್ದು ಇರಲಿಲ್ಲ. ಮೆಟ್ಟಿಲಿಂದ ಜಲ್ಲಿಯ ಮೇಲೆ ಹಾರುವಾಗ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ವನಜಾ ಗಂಡನ ಬಿಳಿ ಕ್ಯಾನ್ವಾಸ್ ಬೂಟುಗಳ ತುದಿಗೆ ಹತ್ತಿ ತುರುಕಿ ಹಾಕಿಕೊಂಡು ಬಂದಿದ್ದಳು. ನನಗೆ ಆ ಬುದ್ಧಿ ಬಂದಿರಲಿಲ್ಲ. ಕೊನೆಗೆ ಸಿಂಧುವಿನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಚಪ್ಪಲಿಯನ್ನು ಪಾದಕ್ಕೆ ಸುತ್ತಿ ಕಟ್ಟಿದೆವು. ಬ್ಯಾಂಕಿನಲ್ಲಿ ನನ್ನ ಕೈಕೆಳಗೆ ಆರು ಜನರಿದ್ದರು. ಅವರಲ್ಲಿ ಒಬ್ಬರಾದರೂ ಆವತ್ತು ನನ್ನ ಕಾಲನ್ನು ನೋಡಿದ್ದರೆ ಆಮೇಲೆ ನನ್ನ ಮಾತು ಕೇಳುತ್ತಿರಲಿಲ್ಲ.

ಹಳ್ಳದ ದಾರಿ

ಹಳ್ಳ ಚಿಕ್ಕದು, ನೀರು ತಣ್ಣಗೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹರಿಯುತ್ತಾ ನಮ್ಮ ಜೊತೆಗೇ ಬರುತ್ತಿತ್ತು. ಮೊದಲ ಸಲ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದೆವು, ಎರಡನೆಯ ಸಲ ಬಿದಿರಿನ ಸಂಕದ ಮೇಲೆ. ಮೂರನೆಯ ಕಡೆ ಸಂಕವಿರಲಿಲ್ಲ, ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ಇಳಿದೆವು. ದಡದ ಹುಲ್ಲಿನಲ್ಲಿ ನೇರಳೆ, ಬಿಳಿ, ಗುಲಾಬಿ ಬಣ್ಣದ ಹೆಸರು ತಿಳಿಯದ ಪುಟ್ಟ ಹೂಗಳು. ಸಿಂಧು ಕಂಡದ್ದನ್ನೆಲ್ಲ ಕಿತ್ತು ಅಮ್ಮನ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

ದಾರಿಯಲ್ಲಿ ಸಿಕ್ಕವರು ಕಡಿಮೆ. ಸೌದೆ ಹೊತ್ತ ಇಬ್ಬರು ಹೆಂಗಸರು ನಮ್ಮನ್ನು ಕಂಡು ದಾರಿ ಬಿಟ್ಟು ಹುಲ್ಲಿಗಿಳಿದು, ನಾವು ದಾಟುವವರೆಗೆ ಬೆನ್ನು ತಿರುಗಿಸಿ ನಿಂತರು. ನಮ್ಮ ಕಡೆ ಆಗಿದ್ದರೆ ಯಾವೂರು, ಎಲ್ಲಿಗೆ ಹೊರಟಿರಿ, ಕೂಸು ಯಾರದು ಎಂದು ಕೇಳದೆ ಬಿಡುತ್ತಿರಲಿಲ್ಲ. ಮುಂದೆ ಒಬ್ಬಾತ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತಿದ್ದ. ಅವನು ಅದನ್ನು ಕೂಗಿ ಕರೆಯುತ್ತಿರಲಿಲ್ಲ. ಎರಡು ಕೈ ಎತ್ತಿ ಚಪ್ಪಾಳೆ ತಟ್ಟುವುದು, ನಿಂತು ಕಿವಿಗೊಡುವುದು, ಮತ್ತೆ ತಟ್ಟುವುದು. ಆ ಚಪ್ಪಾಳೆ ಎದುರಿನ ಗುಡ್ಡಕ್ಕೆ ಬಡಿದು ಹಿಂದಿರುಗಿ ಬರುತ್ತಿತ್ತು. ಸಿಂಧು ಖುಷಿಯಾಗಿ ತಾನೂ ತಟ್ಟಿದಳು. ಆತ ನಗಲಿಲ್ಲ.

ತಿರುವು ದಾಟಿದ ಮೇಲೆ ಹೊಲ ಕಂಡಿತು. ಎರಡು ಗುಡ್ಡಗಳ ನಡುವಿನ ಇಡೀ ಇಳಿಜಾರು ಹಳದಿ. ನನ್ನ ಎದೆಯೆತ್ತರದ ಗಿಡಗಳು, ಗಿಡದ ತುಂಬ ಹೂವು, ಹೂವಿನ ಮೇಲೆ ಜೇನುಹುಳುಗಳ ಒಂದೇ ಸಮನೆಯ ಗುಂಯ್ ಸದ್ದು. ಹತ್ತಿರ ಹೋಗಿ ಎಲೆ ಹಿಸುಕಿ ಮೂಸಿದರೆ, ನಮ್ಮ ಗುರೆಳ್ಳು. ಅವ್ವನ ಚಟ್ನಿಪುಡಿಯ ಗುರೆಳ್ಳು.

"ಗುರೆಳ್ಳಾ? ಇದು ಹುಚ್ಚೆಳ್ಳು ಕಣಕ್ಕ" ಎಂದಳು ವನಜಾ.

"ನಿಮ್ಮ ಕಡೆ ಏನರ ಅನ್ರಿ. ನಾವು ಜ್ವಾಳದ ಹೊಲದ ಅಂಚಿಗೆ ನಾಕ್ ಸಾಲು ಹಾಕ್ತೇವಿ. ಇವರು ಗುಡ್ಡಕ್ಕ ಗುಡ್ಡನ ಬಿತ್ಯಾರ."

"ವಲಿಸಲು" ಎಂದು ಸಿಂಧು ಇಬ್ಬರನ್ನೂ ತಿದ್ದಿದಳು. ರೈಲಿನಲ್ಲಿ ಯಾರೋ ಹೇಳಿದ್ದರಂತೆ.

ಹೊಲದ ಮೂಲೆಯಲ್ಲಿ ಒಂದು ಗಳ ನೆಟ್ಟು ಎಣ್ಣೆ ಡಬ್ಬವನ್ನು ತೂಗುಹಾಕಿದ್ದರು. ಪಕ್ಕದಲ್ಲೇ ಹಗ್ಗ ಕಟ್ಟಿದ ಕಲ್ಲು. ಹಕ್ಕಿ ಓಡಿಸುವುದಕ್ಕಿರಬೇಕು ಎಂದುಕೊಂಡೆವು. ಸಿಂಧು ಹೊಲದ ಅಂಚಿನಲ್ಲಿ ಓಡತೊಡಗಿದಾಗ ವನಜಾ, "ಸಿಂಧೂ, ನಿಧಾನ" ಎಂದು ಕೂಗಿದಳು. ಹಳ್ಳದಾಚೆ ಒಂದು ಗುಡಿಸಲಿನ ಮುಂದೆ ಕೂತಿದ್ದ ಮುದುಕಿ ತಟ್ಟನೆ ಎದ್ದು ನಿಂತಳು. ನಮ್ಮ ಕಡೆ ನೋಡಿ ಬಾಯಿಯ ಮೇಲೆ ಬೆರಳಿಟ್ಟು, ಬೇಡ ಎನ್ನುವಂತೆ ಕೈಯಾಡಿಸಿದಳು.

"ಜೇನು" ಎಂದಳು ವನಜಾ ತಗ್ಗಿದ ದನಿಯಲ್ಲಿ. ನಾವು ಮುದುಕಿಗೆ ಕೈಮುಗಿದು, ಒಂದು ಅಗಲ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು.

ಹೂವಿನೊಳಗೆ

ಊಟವಾದ ಮೇಲೆ ವನಜಾ ಡಬ್ಬಿ ತೊಳೆಯಲು ಹಳ್ಳಕ್ಕಿಳಿದಳು. "ಇವಳನ್ನ ನೋಡ್ಕೊತಿರಿ ಅಕ್ಕ" ಎಂದಳು. ನಾನು ಹೂಂ ಎಂದೆ. ರಿಬ್ಬನ್ನಿನ ಗಂಟು ಒದ್ದೆಯಾಗಿ ಪಾದ ಕೊರೆಯುತ್ತಿತ್ತು. ಬಗ್ಗಿ ಬಿಚ್ಚತೊಡಗಿದೆ. ಗಂಟು ಬಿಗಿದಿತ್ತು. ಉಗುರು ಹಾಕಿ ಎಳೆದು ಬಿಚ್ಚುವಷ್ಟರಲ್ಲಿ ಬೆನ್ನಿಗೆ ಚಳಿ ತಾಗಿದಂತಾಯಿತು. ತಲೆಯೆತ್ತಿದರೆ ಗುಡ್ಡದ ಮೇಲಿನಿಂದ ಮಂಜು ಇಳಿದು ಹೊಲದ ಅರ್ಧ ಮುಚ್ಚಿತ್ತು. ಬಂಡೆಯ ಮೇಲೆ ಸಿಂಧು ಇರಲಿಲ್ಲ.

ನಾನು ಸುತ್ತ ನೋಡಿದೆ, ಬಂಡೆಯ ಹಿಂದೆ ನೋಡಿದೆ. ಹಳ್ಳದಿಂದ ಬಂದ ವನಜಾ ನನ್ನ ಮುಖ ನೋಡಿಯೇ ಡಬ್ಬಿಗಳನ್ನು ಕೆಳಗೆ ಬಿಟ್ಟಳು.

"ಸಿಂಧೂ" ಎಂದು ಕೂಗಿದಳು.

"ಅವ್ವಾ."

ಕೂಗು ಮುಗಿಯುವ ಮುಂಚೆಯೇ ಉತ್ತರ ಬಂತು, ಹೂವಿನ ನಡುವಿನಿಂದ. ನನ್ನ ಜೀವ ಮರಳಿ ಬಂದಂತಾಯಿತು. "ಅಲ್ಲೇ ಅದಾಳ, ಒಳಗ ಹೋಗ್ಯಾಳ" ಎಂದೆ. ಇಬ್ಬರೂ ಹೊಲಕ್ಕೆ ನುಗ್ಗಿದೆವು. ಗಿಡದ ಮೇಲೆಲ್ಲ ಮಂಜಿನ ಹನಿ ಕೂತಿತ್ತು. ಒಂದು ಕಡೆ ಮಾತ್ರ ಹನಿ ಉದುರಿ ಗಿಡಗಳು ಸ್ವಲ್ಪ ಬಾಗಿ, ಒಂದು ಮಗು ಹಾದುಹೋಗುವಷ್ಟೇ ಅಗಲದ ದಾರಿಯಾಗಿತ್ತು. ಅದನ್ನೇ ಹಿಡಿದು ಹೋದೆವು. ಜೇನಿನ ಸದ್ದು ಯಾವಾಗ ನಿಂತಿತ್ತೋ ಗೊತ್ತಿಲ್ಲ. ಕೇಳುತ್ತಿದ್ದುದು ನೀರಿನ ಸದ್ದೊಂದೇ, ಎಲ್ಲ ಕಡೆಯಿಂದಲೂ.

"ಎಲ್ಲಿದೀಯಾ ಸಿಂಧೂ?"

"ಅವ್ವಾ, ಬಾರವ್ವಾ. ಇಲ್ಲಿವ್ನಿ."

ದನಿಯಲ್ಲಿ ಅಳುವಿರಲಿಲ್ಲ, ಹೆದರಿಕೆಯಿರಲಿಲ್ಲ. ಆಟದಲ್ಲಿ ಬಚ್ಚಿಟ್ಟುಕೊಂಡ ಮಗು ಸಾಕಾಗಿ ಕರೆಯುವ ಹಾಗಿತ್ತು. ನಾವು ಹೋದಷ್ಟೂ ಅದು ಅಷ್ಟೇ ದೂರದಲ್ಲಿತ್ತು.

ಇನ್ನಷ್ಟು ನಡೆದ ಮೇಲೆ ಆ ದಾರಿ ಮುಗಿಯಿತು. ಮುಂದೆ, ಎಡಕ್ಕೆ, ಬಲಕ್ಕೆ, ಎಲ್ಲ ಗಿಡಗಳೂ ಹನಿ ಹೊತ್ತು ನೆಟ್ಟಗೆ ನಿಂತಿದ್ದವು. ಯಾರೂ ಅಲ್ಲಿಂದ ಮುಂದೆ ಹೋಗಿರಲಿಲ್ಲ. ಯಾರೂ ಹಿಂದಿರುಗಿರಲೂ ಇಲ್ಲ.

"ಅವ್ವಾ, ಇಲ್ಲಿವ್ನಿ."

ಆಗ ನನಗೆ ಹೊಳೆಯಿತು. ನಾನು ಗದಗಿನವಳು, ನಮ್ಮಲ್ಲಿ ತಾಯಿಯನ್ನು ಅವ್ವ ಎಂದೇ ಕರೆಯುವುದು. ಅದಕ್ಕೇ ನನ್ನ ಕಿವಿಗೆ ಅದು ಹೊರಗಿನ ಮಾತೆನಿಸಿರಲಿಲ್ಲ. ಸಿಂಧು ಹುಟ್ಟಿದಾರಭ್ಯ ಅಮ್ಮಾ ಎಂದವಳು. ಇಲ್ಲಿದ್ದೇನೆ ಎನ್ನಲು ಇಕ್ಕಡುನ್ನಾ ಎನ್ನುವವಳು. ಇಲ್ಲಿವ್ನಿ ಎಂಬ ಮಾತು ಆ ಮಗುವಿನ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

"ವನಜಾ, ನಿಂದ್ರು. ಅಕಿ ಸಿಂಧು ಅಲ್ಲ."

ವನಜಾ ನಿಲ್ಲಲಿಲ್ಲ. ನಾನು ಅವಳ ಮುಂಗೈ ಹಿಡಿದೆ.

"ಬುಡಿ ಅಕ್ಕ."

"ಅಕಿ ಅವ್ವಾ ಅನ್ನೂದಿಲ್ಲ ವನಜಾ. ಇಲ್ಲೆ ಕೇಳು. ಅಕಿ ಹಂಗ ಮಾತಾಡೂದಿಲ್ಲ."

"ನನ್ ಕೈ ಬುಡಿ. ಕರೀತಾವಳೆ, ಕೇಳಕ್ಕಿಲ್ವಾ?"

ಒಂದು ವರ್ಷದ ಒಡನಾಟದಲ್ಲಿ ಅವಳು ಹೀಗೆ ಊರ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ನನ್ನನ್ನು ಎಳೆದುಕೊಂಡೇ ನಾಲ್ಕು ಹೆಜ್ಜೆ ಹೋದಳು. ಅಷ್ಟು ಬಲ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ಬೇರೆ ದಾರಿ ತೋಚದೆ ನಾನು ಅವಳ ಸೊಂಟಕ್ಕೆ ಎರಡೂ ಕೈ ಸುತ್ತಿ ನೆಲಕ್ಕೆ ಕುಸಿದು ಕೂತುಬಿಟ್ಟೆ. ಅವಳೂ ನನ್ನ ಮೇಲೆ ಬಿದ್ದಳು. ನನ್ನ ಕೈಯನ್ನು ಉಗುರಿನಿಂದ ಗೀರಿದಳು. ನಾನು ಬಿಡಲಿಲ್ಲ. ನಾನೇ ನೋಡಿಕೊಳ್ಳಬೇಕಿದ್ದ ಮಗುವನ್ನು ಕಳೆದವಳು ನಾನು. ಈಗ ಅದರ ತಾಯಿಯನ್ನೂ ಹಿಡಿದು ಕೂರಿಸಿದ್ದೇನೆ. ಒಂದು ವೇಳೆ ಅದು ಸಿಂಧುವೇ ಆಗಿದ್ದರೆ? ಆ ಯೋಚನೆ ಬಂದಾಗ ನನ್ನ ಕೈ ಒಂದು ಕ್ಷಣ ಸಡಿಲಾದದ್ದು ಸುಳ್ಳಲ್ಲ.

ಆಗ ಹಿಂದಿನಿಂದ ಡಬ್ಬ ಬಡಿಯುವ ಸದ್ದು ಬಂತು. ಟಣ್, ಟಣ್, ಟಣ್. ಒಂದೇ ಸಮನೆ, ಬಿಡುವಿಲ್ಲದೆ. ಎದುರಿನ ಕೂಗು ಅರ್ಧಕ್ಕೇ ನಿಂತಿತು. ವನಜಾಳ ಮೈ ಒಮ್ಮೆಲೇ ಸಡಿಲಾಯಿತು. ನಾನು ಅವಳನ್ನು ಎಬ್ಬಿಸಿ, ಕೈ ಬಿಡದೆ, ಆ ಸದ್ದನ್ನೇ ಹಿಡಿದು ಹಿಂದಕ್ಕೆ ನಡೆಸಿಕೊಂಡು ಬಂದೆ.

ಮುದುಕಿಯ ಅಂಗಳ

ಡಬ್ಬ ಬಡಿಯುತ್ತಿದ್ದವಳು ಆ ಮುದುಕಿ. ನಮ್ಮನ್ನು ಕಂಡ ಮೇಲೂ ಇಬ್ಬರೂ ಹೊಲದಿಂದ ಪೂರ್ತಿ ಹೊರಗೆ ಬರುವವರೆಗೆ ಅವಳು ನಿಲ್ಲಿಸಲಿಲ್ಲ. ಆಮೇಲೆ ಹಳ್ಳ ದಾಟಿಸಿ ತನ್ನ ಗುಡಿಸಲಿಗೆ ಕರೆದೊಯ್ದಳು. ಅಂಗಳದಲ್ಲಿ ಸಿಂಧು ಕೂತು ಸುಟ್ಟ ಗೆಣಸು ತಿನ್ನುತ್ತಿದ್ದಳು. ಮಡಿಲಲ್ಲಿ ಒಂದು ಆಡಿನ ಮರಿ.

ಮರಿಯ ಹಿಂದೆ ತುಸು ಮೇಲ್ಗಡೆಯ ಕಲ್ಲುಗಳ ಮೇಲೆ ಹಾರಿಕೊಂಡು ಹಳ್ಳ ದಾಟಿ ಬಂದಳಂತೆ. ಹೂವಿನೊಳಗೆ ಕಾಲೇ ಇಟ್ಟಿಲ್ಲವಂತೆ. "ಅಮ್ಮ ಕರೆದಾಗ ನಾನು ಓಗೊಡಲು ಹೋದೆ ಪೆದ್ದಮ್ಮಾ, ಈ ಮಾಮ್ಮ ನನ್ನ ಬಾಯಿ ಮುಚ್ಚಿದಳು" ಎಂದು ತನ್ನ ತೆಲುಗಿನಲ್ಲಿ ದೂರು ಹೇಳಿದಳು. ಮಾಮ್ಮ ಎಂದರೆ ಅಜ್ಜಿ. ವನಜಾ ಮಗಳನ್ನು ಅಪ್ಪಿಕೊಂಡಳು. ಆದರೆ ಅವಳ ಕಣ್ಣು ಹೊಲದ ಕಡೆಯೇ ಇತ್ತು.

ಮುದುಕಿ ನಮಗೂ ಗೆಣಸು ಕೊಟ್ಟಳು. ಅವಳ ತೆಲುಗು ವಿಜಯವಾಡದ ತೆಲುಗಲ್ಲ. ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಸಿಂಧು ತಿಳಿಸಿದಳು.

"ಪೇರು ಪೆಟ್ಟಿ ಪಿಲವಕೂಡದಮ್ಮಾ" ಎಂದಳು ಮುದುಕಿ. ಹೂವಿರುವಾಗ ಹೆಸರು ಹಿಡಿದು ಕರೆಯಬಾರದು. ಮನುಷ್ಯರನ್ನೂ ಕರೆಯಬಾರದು, ದನವನ್ನೂ ಕರೆಯಬಾರದು. ಚಪ್ಪಾಳೆ ತಟ್ಟಬೇಕು, ಇಲ್ಲವೇ ಡಬ್ಬ ಬಡಿಯಬೇಕು.

"ಕರೆದರೆ ಏನಾಗುತ್ತದೆ?" ಎಂದೆ.

"ಪಿಲಿಸ್ತೇ ಪಲುಕುತಾದಿ." ಕರೆದರೆ ಓಗೊಡುತ್ತದೆ.

"ಯಾರು?"

"ಎವರೈನಾ." ಯಾರಾದರೂ.

ಅವಳು ಇದನ್ನು ಭಯಪಡಿಸುವಂತೆ ಹೇಳಲಿಲ್ಲ. ಹಳ್ಳದ ಕಲ್ಲು ಜಾರುತ್ತದೆ, ನೋಡಿ ಕಾಲಿಡಿ ಎನ್ನುವ ಹಾಗೆ ಹೇಳಿದಳು. ಆಮೇಲೆ ವನಜಾಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಎಷ್ಟು ಮಕ್ಕಳು ಎಂದು ಕೇಳಿದಳು.

"ಒಕ್ಕತೇ" ಎಂದಳು ವನಜಾ. ಒಬ್ಬಳೇ.

ಮುದುಕಿ ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

ಮಂಜು ತೆಳುವಾಗುತ್ತಾ ಬಂದಾಗ ಅಂಗಳದಿಂದ ಇಡೀ ಹೊಲ ಕಂಡಿತು. ನಾವು ಬಿದ್ದು ಹೊರಳಾಡಿದ ಜಾಗ ಹಳದಿಯ ನಡುವೆ ಒಂದು ಗುಳಿಯಂತೆ ಕಾಣುತ್ತಿತ್ತು. ಅಲ್ಲಿಂದ ಮುಂದೆ ನಾಲ್ಕು ಮಾರು ಹೂವು. ಅಲ್ಲಿಗೆ ಹೊಲ ಮುಗಿದಿತ್ತು. ಅದರಾಚೆ ನೆಲವಿರಲಿಲ್ಲ. ಹಳ್ಳ ಅಲ್ಲಿಯೇ ಪ್ರಪಾತಕ್ಕೆ ಬೀಳುತ್ತಿತ್ತು. ನಾವು ಒಳಹೋದ ಆ ಕಿರಿದಾದ ದಾರಿಯೂ ಕಾಣುತ್ತಿತ್ತು. ಆಡಿನ ಮರಿ ಮಾಡಿದ ದಾರಿ ಇರಬೇಕು ಎಂದು ಆವತ್ತು ಹೇಳಿಕೊಂಡೆ. ಈಗಲೂ ಹಾಗೇ ಹೇಳಿಕೊಳ್ಳುತ್ತೇನೆ.

ಇಳಿಯುವ ರೈಲು

ಸಂಜೆಯ ರೈಲಿನಲ್ಲಿ ಜನ ಹೆಚ್ಚಿರಲಿಲ್ಲ. ಸಿಂಧು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ವನಜಾ ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಕೈಯ ಗೀರುಗಳನ್ನು ಕಂಡು, ನೀರಿನಲ್ಲಿ ಸೆರಗು ಅದ್ದಿ ಒರೆಸಿದಳು. ಎರಡು ಸುರಂಗ ದಾಟಿದ ಮೇಲೆ ಕೇಳಿದಳು.

"ಅಕ್ಕ, ನಿಮಗೂ ಕೇಳಿಸ್ತು ಅಲ್ವಾ?"

ಇಲ್ಲ ಎನ್ನುವುದು ಸುಲಭವಿತ್ತು. ಗಾಳಿ, ನೀರು, ಗುಡ್ಡದ ಮಾರ್ದನಿ ಎಂದು ಏನಾದರೂ ಹೇಳಬಹುದಿತ್ತು.

"ಕೇಳಿಸ್ತು" ಎಂದೆ.

"ಏನಂತ?"

"ಅವ್ವಾ, ಬಾರವ್ವಾ, ಇಲ್ಲಿವ್ನಿ ಅಂತ."

ಅವಳು ತಲೆಯಾಡಿಸಿದಳು. ಬಹಳ ದಿನದಿಂದ ಯಾರದೋ ಒಂದು ಮಾತಿಗೆ ಕಾದಿದ್ದವಳಂತೆ ಉಸಿರು ಬಿಟ್ಟಳು.

"ಸಿಂಧೂಗೆ ಮುಂಚೆ ಒಬ್ಳಿದ್ಲು ಕಣಕ್ಕ" ಎಂದಳು.

ನಾನು ನಿದ್ದೆಯಲ್ಲಿದ್ದ ಸಿಂಧುವಿನ ಕಿವಿಯ ಮೇಲೆ ಅಂಗೈಯಿಟ್ಟೆ.

"ಊರಲ್ಲಿ ಅತ್ತೆ ಹತ್ರಾನೇ ಬೆಳೆದೋಳು. ಅದ್ಕೇ ನನ್ನ ಅವ್ವಾ ಅನ್ನೋಳು. ಮೂರೂವರೆ ವರ್ಷಕ್ಕೆ ಜ್ವರ ಬಂತು. ನಾನು ಏಳು ತಿಂಗಳ ಬಸುರಿ. ಮಗು ಹತ್ರ ಹೋಗ್ಬೇಡ, ಹೊಟ್ಟೇಲಿರೋದಕ್ಕೆ ತಗುಲ್ತದೆ ಅಂತ ನನ್ನ ಒಳಗಿನ ಕೋಣೇಲಿ ಕೂರಿಸ್ಬಿಟ್ರು. ಅದು ಪಡಸಾಲೇಲಿ ಮಲಗಿತ್ತು. ನಾಲ್ಕು ದಿನ ಅವ್ವಾ ಅವ್ವಾ ಅಂತು. ನಾನು ಕದದ ಈಚೆ ಕೂತು, ಇಲ್ಲಿವ್ನಿ ಕಣವ್ವ, ಇಲ್ಲಿವ್ನಿ ಅಂತಿದ್ದೆ. ಅಷ್ಟೇ ಅಕ್ಕ, ನಾನು ಮಾಡಿದ್ದು."

ರೈಲು ಸುರಂಗಕ್ಕೆ ಹೊಕ್ಕಿತು. ಹೊರಗೆ ಬಂದ ಮೇಲೆ ಮತ್ತೆ ಹೇಳಿದಳು.

"ಸಿಂಧೂ ಮಾತು ಕಲಿಯೋವಾಗ ಎರಡು ಮಾತು ಕನ್ನಡದಲ್ಲಿ ಅಂದ್ರೆ ಸಾಕು, ಅದೇ ದನಿ. ನನ್ನ ಕೈಲಿ ತಡ್ಕಳಕ್ಕೆ ಆಗ್ತಿರ್ಲಿಲ್ಲ. ತೆಲುಗಲ್ಲಿ ಮಾತಾಡಿದ್ರೆ ಇವಳು ಇವಳ ಥರಾನೇ ಕೇಳ್ಸೋಳು. ಅದ್ಕೇ ಬಿಟ್ಬಿಟ್ಟೆ. ನೀವು ಕನ್ನಡ ಕಲಿಸು ಕಲಿಸು ಅಂದಾಗ್ಲೆಲ್ಲ ನನಗೆ ಏನು ಹೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ."

ಅವಳಿಗೆ ನಾನು ಎಷ್ಟು ಸಲ ಬುದ್ಧಿ ಹೇಳಿದ್ದೆನೋ ಲೆಕ್ಕವಿಲ್ಲ. ತಲೆ ತಗ್ಗಿಸಿದೆ.

"ಹೊಲದಾಗ ಅದು ಸಿಂಧು ಅಲ್ಲ ಅಂತ ನಾ ಹೇಳಿದ್ನಲ್ಲ ವನಜಾ. ನಿನಗ ತಿಳೀಲಿಲ್ಲೇನು?"

"ನೀವು ಹೇಳೋಕೆ ಮುಂಚೇನೇ ಗೊತ್ತಿತ್ತು. ಮೊದಲನೇ ಕೂಗಿಗೇ ಗೊತ್ತಾಯ್ತು."

"ಗೊತ್ತಿದ್ದೂ ಹೊಂಟಿದ್ದೇನು?"

ಅವಳು ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ.

"ಆವಾಗ್ಲೂ ಹೋಗ್ಲಿಲ್ಲ. ಈವಾಗ್ಲೂ ಕರೆದ್ರೆ ಹೋಗದೆ ಇರಕ್ಕಾಯ್ತದಾ ಅಕ್ಕ?"

ಬಯಲಿಗೆ ಇಳಿದಂತೆ ಬಿಸಿಗಾಳಿ ಕಿಟಕಿಯಿಂದ ಬಂತು. ವನಜಾ ಕಿಟಕಿಯ ಸರಳಿಗೆ ತಲೆಯೊರಗಿಸಿ ನಿದ್ದೆಹೋದಳು. ವಿಶಾಖಪಟ್ಟಣ ಬರುವವರೆಗೆ ನಾನು ಅವಳ ಸೆರಗನ್ನು ಹಿಡಿದುಕೊಂಡೇ ಕೂತಿದ್ದೆ.

ಮತ್ತೆ ವಿಜಯವಾಡ

ಪಟಮಟಕ್ಕೆ ಮರಳಿದ ಮೇಲೆ ಮಹದೇವನಿಗೆ ಬರೆಯಬೇಕು ಎಂದು ಎರಡು ಸಲ ಪೆನ್ನು ಹಿಡಿದೆ. ಏನೆಂದು ಬರೆಯುವುದು? ಕೊನೆಗೆ ವನಜಾಳಿಗೇ ಬರೆದೆ, ಗಂಡನಿಗೆ ನೀನೇ ಹೇಳು, ಒಬ್ಬಳೇ ಮಾತ್ರ ಆ ಕಡೆ ಹೋಗಬೇಡ ಎಂದು. ಸಂಕ್ರಾಂತಿ ಕಳೆದು ಅವಳ ಪತ್ರ ಬಂತು. ಹೇಳಿದ್ದೇನೆ ಎಂದಷ್ಟೇ ಇತ್ತು. ಮುಂದಿನ ಪತ್ರಗಳಲ್ಲಿ ಎಂದಿನ ಸಮಾಚಾರ. ನಾನೂ ಕೆದಕಲಿಲ್ಲ.

ಒಂದು ವರ್ಷದ ಮೇಲೆ, ಮತ್ತೆ ಡಿಸೆಂಬರಿನಲ್ಲಿ ಬಂದ ಪತ್ರವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಮೊದಲ ಎರಡು ಸಾಲು ಸೊಟ್ಟಸೊಟ್ಟಾದ ದೊಡ್ಡ ಅಕ್ಷರಗಳಲ್ಲಿದ್ದವು: "ದೊಡ್ಡಮ್ಮನಿಗೆ ಸಿಂಧು ಮಾಡುವ ನಮಸ್ಕಾರ. ನಾನು ಕ್ಷೇಮ." ಅದರ ಕೆಳಗೆ ವನಜಾ ಬರೆದಿದ್ದಳು:

"ಅಕ್ಕ, ಇವಳು ಕನ್ನಡ ಬರೆಯುವುದನ್ನೂ ಕಲಿಯುತ್ತಿದ್ದಾಳೆ. ಮೊದಮೊದಲು ನನಗೇ ಕಷ್ಟವಾಯಿತು, ಈಗ ರೂಢಿಯಾಗಿದೆ. ಹೋದ ವಾರ ನಾವು ಮೂವರೂ ಆ ಹೊಲಕ್ಕೆ ಹೋಗಿದ್ದೆವು. ನೀವು ಬೈಯುತ್ತೀರಿ, ಗೊತ್ತು. ಆದರೆ ಒಬ್ಬಳೇ ಹೋಗಲಿಲ್ಲ. ಸಿಂಧುವನ್ನು ಆ ಅಜ್ಜಿಯ ಹತ್ತಿರ ಬಿಟ್ಟು, ನಾವಿಬ್ಬರೂ ಹೂವಿನ ಅಂಚಿನಲ್ಲಿ ಕೂತೆವು. ಇವರು ನನ್ನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಿದ್ದರು. ಮಂಜೂ ಇಳಿದಿತ್ತು. ಅಜ್ಜಿ ಬೇಡ ಬೇಡವೆಂದರೂ ನಾನು ಮೊದಲನೆಯವಳ ಹೆಸರು ಹಿಡಿದು ಮೂರು ಸಲ ಕೂಗಿದೆ. ಇಲ್ಲಿವ್ನಿ ಅಂದೆ. ಯಾರೂ ಓಗೊಡಲಿಲ್ಲ ಅಕ್ಕ. ಇಡೀ ಮಧ್ಯಾಹ್ನ ಕೂತಿದ್ದು ಎದ್ದು ಬಂದೆವು. ಅವಳಿಗೂ ಈಗ ಹತ್ತು ತುಂಬಿತಲ್ಲ. ಅಷ್ಟು ದೊಡ್ಡವರಾದ ಮೇಲೆ ಹೆಣ್ಣುಮಕ್ಕಳು ಮಾತುಮಾತಿಗೂ ಅವ್ವನನ್ನು ಕರೆಯುತ್ತಾರೆಯೇ?"